ಒಡೆದ ಕೊಳಕ್ಕೆ ನೀರು

ಗುಡ್ಡದ ಮೇಲಿನ ಮನೆಯ ಈಜುಕೊಳ ಒಡೆದಿತ್ತು. ಅದು ಮನೆಯ ಯಜಮಾನನಿಗೆ ಗೊತ್ತಿತ್ತು. ಮ್ಯಾನೇಜರನಿಗೆ ಗೊತ್ತಿತ್ತು. ತೋಟದವನಿಗೂ ಗೊತ್ತಿತ್ತು. ದಿನಾ ಅದಕ್ಕೆ ನೀರು ತುಂಬಿಸುತ್ತಿದ್ದ ಸುಖರಾಜಿಗೆ ಎಲ್ಲರಿಗಿಂತ ಮೊದಲೇ ಗೊತ್ತಿತ್ತು.

ಬೆಳಿಗ್ಗೆ ಗೇಟು ದಾಟಿದವಳು ಚಪ್ಪಲಿ ಬಿಟ್ಟು ಸೀದಾ ಪಂಪಿನ ಕೋಣೆಯ ಹಿಂದಕ್ಕೆ ಹೋಗುತ್ತಿದ್ದಳು. ಅಲ್ಲಿ ನೆಲದಲ್ಲೊಂದು ಸಿಮೆಂಟಿನ ಗುಂಡಿ, ಗುಂಡಿಯೊಳಗೆ ವಾಲ್ವು. ಮೊಣಕಾಲೂರಿ ಬಗ್ಗಿ ಎರಡೂ ಕೈಯಲ್ಲಿ ಅದನ್ನು ತಿರುಗಿಸಬೇಕು. ತಿರುಗಿಸಿದರೆ ದಪ್ಪ ಪೈಪು ಹಾವಿನಂತೆ ಒಮ್ಮೆ ಮೈ ಕೊಡವಿ ಬಿಗಿಯುತ್ತಿತ್ತು. ಅದನ್ನು ಹೆಗಲ ಮೇಲೆ ಹೊತ್ತು ತಂದು ಬಾಯಿಯನ್ನು ಕೊಳಕ್ಕೆ ಇಳಿಬಿಡುತ್ತಿದ್ದಳು. ಹಿಂದಿನ ದಿನ ಅಂಚಿನವರೆಗೆ ತುಂಬಿದ್ದ ನೀರು ಬೆಳಗಾಗುವಷ್ಟರಲ್ಲಿ ಗೇಣುದ್ದ ಕೆಳಗಿಳಿದಿರುತ್ತಿತ್ತು. ಕಣಿವೆಯ ಕಡೆಯ ಗೋಡೆಯಲ್ಲಿ, ನೀಲಿ ಹೆಂಚಿನ ಪಟ್ಟಿಯ ಕೆಳಗೆ ಕೂದಲೆಳೆಯಷ್ಟು ಇದ್ದ ಬಿರುಕು ಈಗ ಬೆರಳು ತೂರುವಷ್ಟಾಗಿತ್ತು. ನೀರು ಅದರ ತನಕ ಇಳಿದು ನಿಲ್ಲುತ್ತಿತ್ತು.

ನೀರು ತುಂಬುವ ಹೊತ್ತಿನಲ್ಲಿ ಬೇರೆ ಕೆಲಸ. ಉದ್ದ ಕೋಲಿನ ಬಲೆಯಿಂದ ಎಲೆ ಎತ್ತಬೇಕು. ಸತ್ತ ಕಪ್ಪೆ ಎತ್ತಬೇಕು. ಗೋಡೆಗೆ ಹಿಡಿದ ಪಾಚಿಯನ್ನು ಬ್ರಶ್ಶಿನಲ್ಲಿ ಉಜ್ಜಬೇಕು. ವಾರಕ್ಕೊಮ್ಮೆ ಆಸಿಡ್ಡಿನ ಕ್ಯಾನು ಹೊತ್ತು ತಂದು ಬಕೆಟ್ಟಿನ ನೀರಿಗೆ ಸುರಿದು ಮೆಟ್ಟಿಲು ತಿಕ್ಕಬೇಕು. ಸುರಿಯುವಾಗ ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದಳು. ಆದರೂ ಹೊಗೆ ಮೂಗಿಗೆ ಹೋಗಿ ಎದೆಯಲ್ಲಿ ಕೂರುತ್ತಿತ್ತು. ಕೈಗೆ ಗವಸು ಕೊಟ್ಟಿದ್ದರು, ನಿಜ. ಅದರ ಎರಡು ಬೆರಳು ಹರಿದು ಎಷ್ಟೋ ಕಾಲವಾಗಿತ್ತು. ಆ ಎರಡು ಬೆರಳಿನ ತುದಿಯಲ್ಲಿ ಅವಳಿಗೆ ಈಗ ರೇಖೆಗಳೇ ಇರಲಿಲ್ಲ. ಕಾಲ್ಬೆರಳಿನ ಸಂದುಗಳು ಸದಾ ಬೆಳ್ಳಗೆ ನೆಂದು ಒಡೆದಿರುತ್ತಿದ್ದವು. ಕ್ಲೋರಿನ್ ಪುಡಿ ಬಿದ್ದು ಸೀರೆಯ ಬಣ್ಣ ಅಲ್ಲಲ್ಲಿ ಹಾರಿಹೋಗಿ ಚುಕ್ಕೆ ಚುಕ್ಕೆಯಾಗಿತ್ತು.

"ದೀದಿ ಸೀರೆಗೆ ಹೊಸಾ ಡಿಸೈನು," ಎಂದು ಲೊಸಾಲಿನಿ ನಗುತ್ತಿದ್ದಳು. ಲೊಸಾಲಿನಿ ಕೆಳಗಿನ ವುನಿಮಾಂಗೊ ಕೇರಿಯಲ್ಲಿ ಸುಖರಾಜಿಯ ಪಕ್ಕದ ಮನೆಯವಳು. ಪೇಟೆಯ ಹೋಟೆಲಿನ ಚಾದರಗಳನ್ನು ಒಗೆಯುತ್ತಿದ್ದಳು.

ಮನೆ ಹ್ಯಾಲ್‌ಡೇನ್ ಎಂಬ ಬಿಳಿಯನದು. ಅವನಿರುವುದು ಆಕ್ಲೆಂಡಿನಲ್ಲಿ. ಅಲ್ಲಿನ ಚಳಿಗಾಲಕ್ಕೆ ಹೆಂಡತಿಯೊಡನೆ ಬಂದು ಇದ್ದು ಹೋಗುತ್ತಿದ್ದ. ಉಳಿದ ಕಾಲಕ್ಕೆ ಮನೆಯನ್ನು ಪ್ರವಾಸಿಗರಿಗೆ ಬಾಡಿಗೆಗೆ ಬಿಡುತ್ತಿದ್ದರು. ನೋಡಿಕೊಳ್ಳುವವನು ಶಾಲೇಂದ್ರ. ನಮ್ಮವನೇ. ಅವನ ಅಜ್ಜ ಸುಖರಾಜಿಯ ಅಜ್ಜನ ಜೊತೆಗೇ ಹಡಗಿನಲ್ಲಿ ಈ ದ್ವೀಪಕ್ಕೆ ಬಂದು ಕಬ್ಬು ಕಡಿದವನು. ಈಗ ಶಾಲೇಂದ್ರ ಬಿಳಿ ಕಾರಿನಲ್ಲಿ ಬರುತ್ತಿದ್ದ, ಕಪ್ಪು ಕನ್ನಡಕ ಹಾಕುತ್ತಿದ್ದ. ಸಮಾಧಾನದಲ್ಲಿದ್ದರೆ ಸುಖರಾಜಿಯನ್ನು ಚಿಕ್ಕಮ್ಮ ಎನ್ನುವಂತೆ 'ಕಾಕಿ' ಎನ್ನುತ್ತಿದ್ದ. ಇಲ್ಲದಿದ್ದರೆ 'ಏ' ಎನ್ನುತ್ತಿದ್ದ.

ಬಿರುಕಿನ ಮಾತು ಒಮ್ಮೆ ಅವಳ ಎದುರಿಗೇ ಆಗಿತ್ತು. ಶಾಲೇಂದ್ರ ಕೊಳದ ದಂಡೆಯ ಮೇಲೆ ನಿಂತು ಫೋನನ್ನು ಅಂಗೈಯಲ್ಲಿಟ್ಟುಕೊಂಡು ಜೋರು ಮಾಡಿ ಹ್ಯಾಲ್‌ಡೇನ್ ಜೊತೆ ಮಾತಾಡುತ್ತಿದ್ದ. ಅವಳು ಮೆಟ್ಟಿಲು ತಿಕ್ಕುತ್ತಿದ್ದಳು. ಅವಳಿಗೂ ಕಿವಿಯಿದೆ ಎನ್ನುವುದು ಅವನಿಗೆ ಹೊಳೆದಂತಿರಲಿಲ್ಲ.

"ರಿಪೇರಿಗೆ ಪೂರ್ತಿ ಖಾಲಿ ಮಾಡಬೇಕಂತೆ ಸರ್. ಆ ಕಡೆ ಗೋಡೆ ಒಡೆದು ಕಟ್ಟಬೇಕಂತೆ. ಸೀಸನ್ ಪೂರಾ ಹೋಗುತ್ತೆ."

"ಆ ಕಂಟ್ರಾಕ್ಟರು ಕೇಳ್ತಿರೋ ದುಡ್ಡಿಗೆ ಹೊಸಾ ಕಾರು ಬರುತ್ತೆ," ಅಂದಿತು ಫೋನು. "ಪಂಪಿನ ಕರೆಂಟು, ಆಸಿಡ್ಡು, ಕ್ಲೋರಿನ್ನು, ಈ ಪೂಲು ನನ್ನ ರಕ್ತ ಹೀರ್ತಿದೆ ಮಾರಾಯ. ಅಲ್ಲಿ ಅಗ್ಗ ಅಂತ ಇರೋದು ಒಂದೇ, ನೀರು. ತುಂಬಿಸ್ತಾ ಇರು."

"ತುಂಬಿಸ್ತಾನೇ ಇದೀವಿ ಸರ್. ಆದರೆ ಆ ನೀರು ಎಲ್ಲಿಗೆ ಹೋಗ್ತಿದೆ ಅಂತ—"

"ಎಲ್ಲಿಗಾದ್ರೂ ಹೋಗ್ಲಿ. ಕೆಳಗಡೆ ತಾನೇ."

ಶಾಲೇಂದ್ರ ನಕ್ಕ. ಫೋನಿನೊಳಗೂ ನಗು ಕೇಳಿಸಿತು.

ಕೆಳಗಡೆ ವುನಿಮಾಂಗೊ ಇತ್ತು. ಗುಡ್ಡದ ಬುಡಕ್ಕೆ ಅಂಟಿಕೊಂಡಂತೆ ತಗಡಿನ ಮನೆಗಳು. ಕಬ್ಬಿನ ಜಮೀನಿನ ಗುತ್ತಿಗೆ ಮುಗಿದು ಹೊರಬಿದ್ದ ನಮ್ಮವರು, ಹೊರಗಿನ ದ್ವೀಪಗಳಿಂದ ಕೆಲಸ ಹುಡುಕಿ ಬಂದ ಲೊಸಾಲಿನಿಯಂಥ ಮೂಲನಿವಾಸಿಗಳು, ಎಲ್ಲರೂ ಸೇರಿ ಕಟ್ಟಿಕೊಂಡದ್ದು. ಎಲ್ಲರಿಗೂ ಸೇರಿ ಒಂದೇ ನಲ್ಲಿ. ಗುಡ್ಡದ ಮೇಲಿನ ಮನೆಯವರು ಅದೇ ಲೈನಿನಿಂದ ಪಂಪು ಹಾಕಿ ನೀರು ಎಳೆಯುತ್ತಿದ್ದರು. ಸುಖರಾಜಿ ಮೇಲೆ ವಾಲ್ವು ತಿರುಗಿಸಿದಳೆಂದರೆ ಕೆಳಗೆ ಅವಳದೇ ಕೇರಿಯ ನಲ್ಲಿ ನಾಲ್ಕು ಸಲ ಬಿಕ್ಕಿ ನಿಂತುಹೋಗುತ್ತಿತ್ತು. ಅಲ್ಲಿ ಸಾಲು ನಿಂತ ಹೆಂಗಸರು ಗುಡ್ಡದ ಕಡೆ ಮುಖ ಎತ್ತುತ್ತಿದ್ದರು.

"ಹೋ, ಸುಖರಾಜಿ ದೀದಿ ಡ್ಯೂಟಿಗೆ ಹೋದಳು," ಎನ್ನುತ್ತಿದ್ದಳು ಲೊಸಾಲಿನಿ. ಸಂಜೆ ಸಿಕ್ಕಾಗ ಕೆಣಕುತ್ತಿದ್ದಳು. "ನಿನ್ನ ಪೂಲಿಗೆ ಬಾಯಾರಿಕೆ ಇನ್ನೂ ಇಂಗಲಿಲ್ವಾ? ನಮಗೂ ಒಂದು ತೊಟ್ಟು ಬಿಡು ಅಂತ ಹೇಳೇ."

"ನನ್ನ ಪೂಲಂತೆ! ನಮ್ಮಪ್ಪ ಬಿಟ್ಟು ಹೋಗಿದ್ದ," ಎಂದು ಸುಖರಾಜಿ ಸಿಡುಕುತ್ತಿದ್ದಳು.

ಕೆಲಸ ಬಿಡುವ ಹಾಗಿರಲಿಲ್ಲ. ಗಂಡ ಬಿಸುನ್ ಮಂಚ ಹಿಡಿದಿದ್ದ. ಮೀಸೆ ಬರುವ ಮೊದಲೇ ಕಬ್ಬು ಕಡಿಯಲು ಇಳಿದವನ ಬಲಗಾಲನ್ನು ಸಕ್ಕರೆ ಕಾಯಿಲೆ ತಿಂದಿತ್ತು. ಆಸ್ಪತ್ರೆಯವರು ಮೊದಲು ಬೆರಳು ತೆಗೆದರು, ಆಮೇಲೆ ಪಾದ, ಆಮೇಲೆ ಮೊಣಕಾಲಿನ ತನಕ. ಮಕ್ಕಳಿಲ್ಲ. ಇಂಜೆಕ್ಷನ್ನು, ಗಾಯಕ್ಕೆ ಬಟ್ಟೆ, ರೊಟ್ಟಿಗೆ ಹಿಟ್ಟು, ಎಲ್ಲ ಅವಳ ಎರಡು ಕೈಯಿಂದಲೇ ಬರಬೇಕು.

ಬಿಸುನ್ ಮಂಚದ ಮೇಲಿದ್ದರೂ ಬಾಯಿ ಸುಮ್ಮನಿರುತ್ತಿರಲಿಲ್ಲ. ಒಂದು ದಿನ ಅವಳು ಕೆಲಸ ಮುಗಿಸಿ ಬಂದಾಗ ಅವನು ಮಂಚದಿಂದ ಬಾಗಿ ನೆಲ ಮುಟ್ಟಿ ಬೆರಳು ಮೂಸುತ್ತಿದ್ದ.

"ಏನದು? ಏನ್ ಬಿತ್ತು?"

"ಏನೂ ಬಿದ್ದಿಲ್ಲ. ಕೆಳಗಿಂದ ಎದ್ದಿದೆ. ಮುಟ್ಟಿ ನೋಡು."

ಹಿಂದಿನ ಗೋಡೆಯ ಬುಡದಲ್ಲಿ ಮಣ್ಣು ನೆಂದು ಕಪ್ಪಾಗಿತ್ತು. ಮಳೆ ಬಿದ್ದು ತಿಂಗಳುಗಳೇ ಆಗಿದ್ದವು. ಹೊರಗೆ ಹುಲ್ಲು ಸುಟ್ಟಂತೆ ಒಣಗಿತ್ತು. ಕುಡಿಯುವ ನೀರಿಗೆ ಕೊಡ ಹಿಡಿದು ಅಲೆಯುವ ಕಾಲ. ಅಂಥದರಲ್ಲಿ ಮನೆಯ ನೆಲದಿಂದ ನೀರು ಏಳುತ್ತಿತ್ತು. ಸುಖರಾಜಿ ಬೆರಳಿಂದ ತೆಗೆದು ಮೂಸಿದಳು. ಅವಳ ಕೈಗೆ, ಸೀರೆಗೆ, ತಲೆಗೂದಲಿಗೆ ಹತ್ತಿದ್ದ ವಾಸನೆಯೇ.

"ನಿನ್ನ ಪೂಲು ನಿನ್ನ ಹಿಂದೆಯೇ ಮನೆಗೆ ಬಂದಿದೆ ಕಣೇ," ಎಂದ ಬಿಸುನ್. "ಎರಡು ಕಾಲಿದ್ದಾಗ ಒಬ್ಬನೂ ತೊಳೀಲಿಲ್ಲ. ಒಂದಾದ ಮೇಲೆ ನೋಡು, ಗೋರಾ ಸಾಹೇಬ ದಿನಾ ಕಾಲು ತೊಳೀತಾನೆ."

ಅವನು ನಕ್ಕ. ಅವಳಿಗೆ ನಗು ಬರಲಿಲ್ಲ.

ಆಮೇಲೆ ಹಿತ್ತಲಿನ ಸೊಪ್ಪು ಹಳದಿಯಾಯಿತು. ಕೊತ್ತಂಬರಿ ಕೊಳೆಯಿತು. ಮರಗೆಣಸಿನ ಗಿಡ ನಿಂತಲ್ಲೇ ವಾಲಿಕೊಂಡಿತು. ಲೊಸಾಲಿನಿಯ ಪಾಯಿಖಾನೆಯ ಗುಂಡಿ ತುಂಬಿ ಮೇಲೆ ಬಂತು. ಗುಡ್ಡದ ಮೈಯಲ್ಲಿ ಮಾವಿನ ಮರದ ಹತ್ತಿರ ಮಣ್ಣು ಸೀಳಿ ಗೀರು ಬಿತ್ತು.

ಸುಖರಾಜಿ ಶಾಲೇಂದ್ರನಿಗೆ ಹೇಳಿದಳು. ಒಂದು ಸಲವಲ್ಲ, ಸಿಕ್ಕಾಗಲೆಲ್ಲ ಹೇಳಿದಳು.

"ಬಾಸ್, ಪೂಲಿನ ನೀರು ನಮ್ಮ ಮನೆಯೊಳಗೆ ಬರ್ತಿದೆ. ಗುಡ್ಡ ಬಾಯಿ ಬಿಟ್ಟಿದೆ. ಒಂದ್ಸಲ ಬಂದು ನೋಡಿ."

"ಕಾಕಿ, ನೀರು ಅಂದಮೇಲೆ ಇಳಿಜಾರಿಗೆ ಹರಿಯುತ್ತೆ. ಅದಕ್ಕೆ ನಾನೇನ್ ಮಾಡ್ಲಿ?"

"ಒಡೆದಿರೋದನ್ನ ಕಟ್ಟಿಸಿ."

"ಯಾರ ದುಡ್ಡಲ್ಲಿ? ನಿನ್ನದಾ?" ಕಪ್ಪು ಕನ್ನಡಕ ತೆಗೆದು ಅವಳನ್ನು ನೋಡಿದ. "ಆ ಜಾಗ ನಿಮ್ಮದೂ ಅಲ್ಲ. ಬಂದು ಕೂತಿರೋರು ನೀವು. ಜಾಸ್ತಿ ಮಾತಾಡಿದ್ರೆ ಮೊದಲು ಅದನ್ನೇ ಕೇಳ್ತಾರೆ. ಹೋಗು, ನೀರು ಬಿಡು. ಸಂಜೆ ಗೆಸ್ಟ್ ಬರ್ತಾರೆ."

ಅವಳು ಹೋಗಿ ನೀರು ಬಿಟ್ಟಳು. ಆ ದಿನವೂ ಬಿಟ್ಟಳು, ಮಾರನೆಯ ದಿನವೂ ಬಿಟ್ಟಳು.

ಗುಡ್ಡ ಜಾರಿದ್ದು ಹಾಡುಹಗಲಿನಲ್ಲಿ. ಆಕಾಶದಲ್ಲಿ ಒಂದು ಚೂರು ಮೋಡ ಇರಲಿಲ್ಲ. ಯಾರದೋ ಮದುವೆಗೆ ಬಂದವರು ಆ ಮನೆಯಲ್ಲಿ ಇಳಿಯುವವರಿದ್ದರು. ನೀರು ಅಂಚಿಗೆ ಸಮನಾಗಿ ನಿಲ್ಲಬೇಕು, ಫೋಟೋದಲ್ಲಿ ಚೆನ್ನಾಗಿ ಬರಬೇಕು ಎಂದು ಶಾಲೇಂದ್ರ ಬೆಳಿಗ್ಗೆಯೇ ಹೇಳಿಹೋಗಿದ್ದ. ಸುಖರಾಜಿ ಪೈಪು ಹಿಡಿದು ದಂಡೆಯ ಮೇಲೆ ನಿಂತಿದ್ದಳು. ಮೊದಲು ಕಾಲ ಕೆಳಗೆ ಏನೋ ಗುರ್ರೆಂದಿತು. ಪಂಪು ಕೆಟ್ಟಿತೇನೋ ಅಂದುಕೊಂಡಳು. ಆಮೇಲೆ ಕಣಿವೆಯಲ್ಲಿ ಮಾವಿನ ಮರ ನಡೆಯುವುದನ್ನು ಕಂಡಳು. ಮರ ನಿಂತ ಹಾಗೆಯೇ, ನೆಟ್ಟಗೆ, ಕೆಳಕ್ಕೆ ನಡೆಯಿತು. ಅದರ ಹಿಂದೆ ಕೆಂಪು ಮಣ್ಣು ಹೊರಟಿತು. ಆಮೇಲೆ ತಗಡು ಮಡಿಚಿಕೊಳ್ಳುವ ಸದ್ದು. ಆಮೇಲೆ ಕೇರಿಯ ಹೆಂಗಸರ ಬೊಬ್ಬೆ.

ಪೈಪು ಬಿಸಾಕಿ ಓಡಿದಳು. ಬರಿಗಾಲಲ್ಲಿ ಓಡಿದಳು. ರಸ್ತೆ ಬಿಟ್ಟು ಗುಡ್ಡದ ಮೈಯಿಂದಲೇ ಜಾರಿದಳು, ಉರುಳಿದಳು, ಎದ್ದಳು.

ಬೇರೆ ಮನೆಗಳವರು ಹೊರಗೆ ಓಡಿ ಬದುಕಿದ್ದರು. ಅವರಿಗೆ ಕಾಲುಗಳಿದ್ದವು. ಬಿಸುನ್ ಮಂಚದ ಮೇಲಿದ್ದ.

ಕೈಗೆ ಸಿಕ್ಕ ಪಾತ್ರೆಯಲ್ಲಿ, ತಗಡಿನ ತುಂಡಿನಲ್ಲಿ, ಬರಿಗೈಯಲ್ಲಿ ಎಲ್ಲರೂ ತೋಡಿದರು. ಮಣ್ಣು ಮಣ್ಣಾಗಿರಲಿಲ್ಲ, ಕಲಸಿದ ಹಿಟ್ಟಾಗಿತ್ತು. ಒಂದು ಬೊಗಸೆ ತೆಗೆದರೆ ಎರಡು ಬೊಗಸೆ ಬಂದು ತುಂಬುತ್ತಿತ್ತು. ಲೊಸಾಲಿನಿಯ ಉಗುರು ಕಿತ್ತು ಬಂದು ರಕ್ತ ಸುರಿಯುತ್ತಿತ್ತು. ಅವಳು ನಿಲ್ಲಿಸಲಿಲ್ಲ. ಕೊನೆಗೆ ಮಂಚದ ಕಾಲು ಸಿಕ್ಕಿತು. ಅದನ್ನು ಹಿಡಿದು ತೋಡಿದರೆ ಬಿಸುನ್ ಸಿಕ್ಕಿದ. ಬಾಯಿ ತುಂಬ ಮಣ್ಣು. ಸುಖರಾಜಿ ಬೆರಳು ಹಾಕಿ ಅದನ್ನು ತೆಗೆದಳು. ತೆಗೆದಷ್ಟೂ ಇತ್ತು. ಅವನ ಮೈಯಿಂದ, ಮೀಸೆಯಿಂದ, ತೆಗೆದ ಮಣ್ಣಿನಿಂದ ಕ್ಲೋರಿನ್ ವಾಸನೆ ಬರುತ್ತಿತ್ತು.

ಗುಡ್ಡದ ಮೇಲೆ ಅವಳು ಬಿಸಾಕಿ ಬಂದಿದ್ದ ಪೈಪಿನಿಂದ ನೀರು ಹರಿಯುತ್ತಲೇ ಇತ್ತು. ಅದನ್ನು ಯಾರು ನಿಲ್ಲಿಸಿದರೋ ಅವಳಿಗೆ ಕೊನೆಗೂ ತಿಳಿಯಲಿಲ್ಲ.

ಬಿಸುನನ ಅಣ್ಣನ ಮಗ ನದಿಯ ದಂಡೆಯಲ್ಲಿ ಚಿತೆಗೆ ಬೆಂಕಿ ಇಟ್ಟ. ಮಣ್ಣು ಹಿತ್ತಲಿಗೆ ಬಂದು ನಿಂತಿದ್ದ ಲೊಸಾಲಿನಿಯ ಮನೆಯಲ್ಲಿ ಸುಖರಾಜಿ ಚಾಪೆಯ ಮೇಲೆ ಕೂತಳು. ಅಳಲಿಲ್ಲ. ಲೊಸಾಲಿನಿ ಚಹಾ ತಂದಿಟ್ಟರೆ ಅದು ಹಾಗೆಯೇ ಆರುತ್ತಿತ್ತು. ಎರಡು ಕೈಯನ್ನೂ ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಅವುಗಳನ್ನೇ ನೋಡುತ್ತಿದ್ದಳು.

"ನನ್ನ ಕೈಯಿಂದಲೇ ಹುಯ್ದೆ ಲೊಸಾ," ಎಂದಳು ಒಮ್ಮೆ. "ಅವನ ಮೇಲೆ ಹುಯ್ದ ಹಾಗೇ ಆಯ್ತು."

"ಬಾಯ್ಮುಚ್ಚು. ಕೈ ನಿಂದು. ಹುಯ್ಯಿ ಅಂದ ಬಾಯಿ ಯಾರದು?"

ಶಾಲೇಂದ್ರ ಬಂದದ್ದು ಅದಾದ ಮೇಲೆ. ಅಕ್ಕಿ ಚೀಲ, ಬೇಳೆ, ಸಕ್ಕರೆ, ತುಪ್ಪದ ಡಬ್ಬಿ, ಎಲ್ಲವನ್ನೂ ಕಾರಿನಿಂದ ಇಳಿಸಿದ. ಬಾಗಿಲಲ್ಲಿ ಷೂ ಬಿಚ್ಚಿ ಬಂದು ಚಾಪೆಯ ಮೇಲೆ ಕೂತ. ಕನ್ನಡಕ ಜೇಬಿನಲ್ಲಿತ್ತು.

"ಕಾಕಿ, ಕಾಕಾನ ವಿಷಯ ಕೇಳಿ ಸಾಹೇಬರು ತುಂಬಾ ನೊಂದ್ಕೊಂಡ್ರು. ಮೇಮ್‌ಸಾಬ್ ಅಂತೂ ಅತ್ತೇಬಿಟ್ರು."

ಸುಖರಾಜಿ ತನ್ನ ಕೈಗಳಿಂದ ಕಣ್ಣೆತ್ತಲಿಲ್ಲ.

"ನಿಮ್ಮನ್ನ ಕೈ ಬಿಡಲ್ಲ ಅಂದಿದ್ದಾರೆ. ಪಂಪಿನ ರೂಮ್ ಪಕ್ಕದಲ್ಲಿ ಒಂದು ಕೋಣೆ ಇದೆಯಲ್ಲ, ಅದನ್ನ ನಿಮಗೇ ಕೊಡ್ತಾರೆ. ಅಲ್ಲೇ ಇದ್ದು ಕೆಲಸ ಮಾಡ್ಕೊಂಡಿರಬಹುದು, ಸಾಯೋ ತನಕ." ಸ್ವಲ್ಪ ಹತ್ತಿರ ಸರಿದ. "ಸರ್ಕಾರದೋರು ತನಿಖೆಗೆ ಬರ್ತಾರಂತೆ. ಏನಿಲ್ಲ, ಸುಮ್ನೆ ಕೇಳ್ತಾರೆ. ಪೂಲಿಗೆ ಅಂಥಾ ನೀರೇನೂ ಬಿಡ್ತಿರಲಿಲ್ಲ ಅಂದ್ಬಿಡಿ. ಕೇರಿಯೋರು ಮನೆ ಕಟ್ಟೋಕೆ ಗುಡ್ಡದ ಬುಡ ಕಡಿದ್ರು, ಪಾಯಿಖಾನೆ ಗುಂಡಿ ತೋಡಿದ್ರು, ಅದಕ್ಕೇ ಕುಸೀತು. ಅಷ್ಟೇ."

ಬಾಗಿಲ ಬಳಿ ನಿಂತಿದ್ದ ಲೊಸಾಲಿನಿ ಕೇಳಿದಳು. "ಅಂದ್ರೆ ಬಿಸುನ್ ಭೈಯಾನ್ನ ಕೊಂದಿದ್ದು ನನ್ನ ಪಾಯಿಖಾನೆ?"

"ನೀನು ಸುಮ್ನಿರಮ್ಮ, ನಮ್ಮ ನಮ್ಮಲ್ಲಿ ಮಾತು."

"ತೋಡುವಾಗ ನೀನಿರಲಿಲ್ಲ. ನಾನಿದ್ದೆ. ಯಾರು ಯಾರ ನಮ್ಮೋರು?"

ಶಾಲೇಂದ್ರ ಅವಳ ಕಡೆ ನೋಡಲಿಲ್ಲ. ದನಿ ಇಳಿಸಿದ. "ಕಾಕಿ, ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ. ಪೂಲಿನ ನೀರು ಅಂತ ನೀವು ಬಾಯಿ ಬಿಟ್ರೆ, ನೀರು ಬಿಟ್ಟೋರು ಯಾರು ಅಂತ ಕೇಳ್ತಾರೆ. ಪೈಪು ಯಾರ ಕೈಯಲ್ಲಿತ್ತು? ನನ್ನ ಕೈಯಲ್ಲಾ? ಸಾಹೇಬರ ಕೈಯಲ್ಲಾ? ಯೋಚನೆ ಮಾಡಿ. ಗಂಡ ಹೋದ. ನೀವು ಜೈಲಿಗೆ ಹೋದ್ರೆ ಕಾರ್ಯ ಮಾಡೋರು ಯಾರು?"

ಅವನು ಹೋದ ಮೇಲೆ ಸುಖರಾಜಿ ಎದ್ದು ಅಕ್ಕಿ ಚೀಲವನ್ನು ಅಂಗಳದಲ್ಲಿ ಎಳೆದುಕೊಂಡು ಹೋಗಿ ರಸ್ತೆಯಲ್ಲಿಟ್ಟಳು. ಬೇಳೆ ಇಟ್ಟಳು. ಸಕ್ಕರೆ ಇಟ್ಟಳು. ತುಪ್ಪದ ಡಬ್ಬಿಯನ್ನು ಅದರ ಮೇಲಿಟ್ಟಳು. ಕೇರಿಯಲ್ಲಿ ಅಂದು ಎಷ್ಟು ಮನೆಗಳಲ್ಲಿ ಒಲೆ ಉರಿದಿತ್ತೋ ಗೊತ್ತಿಲ್ಲ. ಆದರೂ ಆ ಸಾಮಾನಿಗೆ ಯಾರೂ ಕೈ ಹಾಕಲಿಲ್ಲ. ನಾಯಿಗಳು ಮೂಸಿ ನೋಡಿದವು.

ತನಿಖೆಯ ದಿನ ಬೆಳಿಗ್ಗೆ ಅವಳು ಎಂದಿನಂತೆ ಗುಡ್ಡ ಹತ್ತಿದಳು. ಗೇಟಿನಲ್ಲಿ ತೋಟದ ತೊಮಾಸಿ ತಲೆ ತಗ್ಗಿಸಿ ಬಾಗಿಲು ತೆಗೆದ. ಶಾಲೇಂದ್ರ ಆಗಲೇ ಬಂದಿದ್ದ. ರಾತ್ರಿ ಗಾರೆಯವನನ್ನು ಕರೆಸಿ ಬಿರುಕಿಗೆ ಬಿಳಿ ಸಿಮೆಂಟು ಮೆತ್ತಿಸಿ, ಬೆಳಗಿನ ಜಾವ ಅದು ಮುಳುಗುವಷ್ಟು ನೀರು ಬಿಡಿಸಿದ್ದ. ಸಿಮೆಂಟು ಇನ್ನೂ ಹಸಿಯಾಗಿಯೇ ಇತ್ತು. ಗುಡ್ಡ ಜಾರಿದ ಮೇಲೆ ಆ ಗೋಡೆಯ ಹಿಂದೆ ಮಣ್ಣೇ ಉಳಿದಿರಲಿಲ್ಲ. ಮೊದಲು ಒಂದು ದಿನಕ್ಕೆ ಸೋರುತ್ತಿದ್ದ ನೀರು ಈಗ ಊಟದ ಹೊತ್ತಿಗೆಲ್ಲ ಸೋರಿಹೋಗುತ್ತಿತ್ತು. ಪೈಪು ಬಿಟ್ಟಂತೆಯೇ ಇಟ್ಟರೆ ಮಾತ್ರ ನೀರು ಅಂಚಿನಲ್ಲಿ ನಿಲ್ಲುತ್ತಿತ್ತು, ಮೆತ್ತಿದ್ದು ಕಾಣದಂತೆ ಮುಚ್ಚುತ್ತಿತ್ತು.

"ಬಂದ್ರಾ ಕಾಕಿ? ಒಳ್ಳೇದು. ಹೋಗಿ ವಾಲ್ವು ಬಿಡಿ. ಫುಲ್ ಬಿಡಿ. ಅವರು ಬರೋ ಹೊತ್ತಿಗೆ ತುಳುಕ್ತಿರಬೇಕು."

ಸುಖರಾಜಿ ಪಂಪಿನ ಕೋಣೆಯ ಹಿಂದಕ್ಕೆ ಹೋದಳು. ಗುಂಡಿಯ ಮುಂದೆ ನಿಂತಳು. ಕಬ್ಬಿಣದ ಮುಚ್ಚಳವನ್ನು ಎಳೆದು ಗುಂಡಿ ಮುಚ್ಚಿದಳು. ಮುಚ್ಚಳದ ಮೇಲೆ ಕೂತಳು. ಸೆರಗನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ನೀರಿನ ಸದ್ದು ಬರದಿದ್ದಾಗ ಶಾಲೇಂದ್ರ ಹುಡುಕಿಕೊಂಡು ಬಂದ.

"ಏನ್ ಮಾಡ್ತಿದೀರಿ? ಯಾಕೆ ಕೂತ್ರಿ?"

"ನೀರು ಬಿಡಲ್ಲ."

"ಏನು?"

"ಬಿಡಲ್ಲ ಅಂದೆ."

ಅವನು ಮೊದಲು ನಕ್ಕ. ಆಮೇಲೆ ಕಾಕಿ ಎಂದು ಬೇಡಿದ. ಆಮೇಲೆ ಗಡಿಯಾರ ನೋಡಿಕೊಂಡ. ಆಮೇಲೆ 'ಏ' ಎಂದ.

"ಏ, ಎದ್ದೇಳು! ಯಾರ ಮನೆ ಅಂದ್ಕೊಂಡಿದೀಯ? ನಿನ್ನಂಥ ಹತ್ತು ಜನ ಸಿಗ್ತಾರೆ ನನಗೆ. ತಿಂದ ಮನೆಗೆ ಎರಡು ಬಗೀತೀಯಾ?"

"ತಿಂದಿಲ್ಲ. ದುಡಿದಿದೀನಿ."

"ತೊಮಾಸಿ! ಬಾ ಇಲ್ಲಿ. ಇವಳನ್ನ ಎತ್ತಿ ಗೇಟಿಂದ ಆಚೆ ಹಾಕು."

ತೊಮಾಸಿ ಬಂದ. ಆಳು ಎತ್ತರ, ತೊಲೆಯಂಥ ತೋಳು. ಅವಳನ್ನು ಒಂದೇ ಕೈಯಲ್ಲಿ ಎತ್ತಬಲ್ಲವನು. ಅವಳನ್ನು ನೋಡಿದ, ನೆಲ ನೋಡಿದ.

"ನನ್ನ ಕೈಲಾಗಲ್ಲ ಬಾಸ್."

"ಯಾಕೋ?"

"ಅವಳ ಗಂಡನ್ನ ಹೊರಗೆ ಎಳೆದೋರಲ್ಲಿ ನಾನೂ ಒಬ್ಬ. ಈಗ ಇವಳನ್ನೂ ಎಳೀಬೇಕಾ?"

ಶಾಲೇಂದ್ರ ತಾನೇ ಬಗ್ಗಿ ಅವಳ ರಟ್ಟೆ ಹಿಡಿದ. ಹಿಡಿದು ಎಳೆದ. ಅವಳು ಮುಚ್ಚಳದ ಹಿಡಿಗೆ ಎರಡೂ ಕೈ ಹಾಕಿ ಬಿಗಿಹಿಡಿದಳು. ವರ್ಷಗಟ್ಟಲೆ ವಾಲ್ವು ತಿರುಗಿಸಿದ ಕೈಗಳು. ಕ್ಯಾನು ಹೊತ್ತ, ಪೈಪು ಎಳೆದ ಕೈಗಳು. ಅವನಿಂದ ಅವನ್ನು ಬಿಡಿಸಲಾಗಲಿಲ್ಲ. ಅವಳ ರವಿಕೆಯ ತೋಳು ಹರಿಯಿತು. ಮೊಣಕೈ ಸಿಮೆಂಟಿಗೆ ಉಜ್ಜಿ ಚರ್ಮ ಎದ್ದಿತು. ಅವನೇ ಏದುಸಿರು ಬಿಡುತ್ತ ಹಿಂದೆ ಸರಿದ. ಶರ್ಟು ಬೆವರಿನಿಂದ ಬೆನ್ನಿಗಂಟಿತ್ತು. ಪೊಲೀಸರಿಗೆ ಫೋನು ಮಾಡಿದ.

ಕೊಳದಲ್ಲಿ ನೀರು ಇಳಿಯುತ್ತಿತ್ತು. ಗಾಳಿಯಿರಲಿಲ್ಲ, ಸದ್ದಿರಲಿಲ್ಲ. ಒಂದು ಹೆಂಚು ಕಾಣಿಸಿತು. ಅದರ ಕೆಳಗಿನ ಸಾಲು ಕಾಣಿಸಿತು. ಮಧ್ಯಾಹ್ನದ ಬಿಸಿಲು ನೆತ್ತಿಗೆ ಬಂತು. ಕಬ್ಬಿಣದ ಮುಚ್ಚಳ ಕಾದು ಅವಳ ತೊಡೆ ಸುಡತೊಡಗಿತು. ಅವಳು ಏಳಲಿಲ್ಲ. ತೊಮಾಸಿ ಒಂದು ಲೋಟ ನೀರು ತಂದು ಪಕ್ಕದಲ್ಲಿಟ್ಟು ಹೋದ.

ಪೊಲೀಸರ ಜೀಪೂ ತನಿಖೆಯ ಅಧಿಕಾರಿಯ ಕಾರೂ ಒಂದರ ಹಿಂದೊಂದು ಬಂದವು. ಅಧಿಕಾರಿ ಕೊಳದ ದಂಡೆಗೆ ಬಂದು ನಿಂತ. ಬಿಳಿ ಸಿಮೆಂಟು ಹರಳು ಹರಳಾಗಿ ಉದುರಿ ನೀರಿಗೆ ಬಿದ್ದಿತ್ತು. ಬಿರುಕು ಬಾಯಿ ತೆರೆದು ಗೋಡೆಯುದ್ದಕ್ಕೂ ಹೋಗಿತ್ತು. ಅವನು ಬಗ್ಗಿ ಅದರಲ್ಲಿ ಕಣ್ಣಿಟ್ಟ. ಆ ಕಡೆಯ ಬೆಳಕು ಕಂಡಿತು. ಬೆಳಕಿನ ಕೆಳಗೆ ಕೆಂಪು ಮಣ್ಣು, ಮಡಿಚಿಹೋದ ತಗಡು.

"ಇದು ಯಾವಾಗಿಂದ ಹೀಗಿದೆ?" ಎಂದು ಅಧಿಕಾರಿ ಕೇಳಿದ.

"ಮೊನ್ನೆ ಗುಡ್ಡ ಜಾರಿದ್ರಿಂದಲೇ ಸರ್ ಆಗಿದ್ದು," ಎಂದ ಶಾಲೇಂದ್ರ. "ಅದಕ್ಕೆ ಮೊದಲು ಏನೂ ಇರಲಿಲ್ಲ. ಒಂದು ವೇಳೆ ಸೋರಿದ್ರೂ ನಮ್ಮ ಗಮನಕ್ಕೆ ಬಂದಿಲ್ಲ. ನೀರು ನೋಡ್ಕೊಳ್ತಿದ್ದದ್ದು ಆ ಹೆಂಗಸು. ದಿನಾ ಪೈಪು ಬಿಟ್ಟು ಹಾಗೇ ಮರೆತು ಕೂತಿರ್ತಿದ್ದಳು. ಅವತ್ತೂ ಬಿಟ್ಟು ಓಡಿಹೋಗಿದ್ದಳು. ಕೇಳಿ ಬೇಕಾದ್ರೆ."

ಅಧಿಕಾರಿ ಪಂಪಿನ ಕೋಣೆಯ ಹಿಂದಕ್ಕೆ ಅವಳ ಹತ್ತಿರ ಬಂದ. "ಏನಮ್ಮ, ನೀರು ಬಿಡ್ತಿದ್ದದ್ದು ನೀವೇನಾ?"

ಸುಖರಾಜಿ ಎದ್ದಳು. ಗೋಡೆ ಹಿಡಿದು ನಿಂತಳು.

"ಹೌದು. ನಾನೇ ಬಿಟ್ಟೆ. ಒಡೆದಿದೆ ಅಂತ ಗೊತ್ತಿತ್ತು, ಆದ್ರೂ ಬಿಟ್ಟೆ. ಗುಡ್ಡ ಜಾರುವಾಗಲೂ ಪೈಪು ನನ್ನ ಕೈಯಲ್ಲೇ ಇತ್ತು. ಬರ್ಕೊಳ್ಳಿ. ಮೊದಲು ನನ್ನ ಹೆಸರೇ ಬರ್ಕೊಳ್ಳಿ. ಸುಖರಾಜಿ, ಗಂಡ ಬಿಸುನ್." ಲೋಟದ ನೀರು ಮುಟ್ಟಲಿಲ್ಲ. "ಆಮೇಲೆ ಇವನ ಹೆಸರು ಬರ್ಕೊಳ್ಳಿ. ಸೋರ್ತಿದೆ, ಮನೆಯೊಳಗೆ ಬರ್ತಿದೆ ಅಂತ ಇವನಿಗೆ ಹೇಳಿ ಹೇಳಿ ನನ್ನ ನಾಲಿಗೆ ಒಣಗಿದೆ. ಹೋಗು, ನೀರು ಬಿಡು ಅಂದ. ಆಮೇಲೆ ಆ ಹ್ಯಾಲ್‌ಡೇನ್ ಸಾಹೇಬನ ಹೆಸರು ಬರ್ಕೊಳ್ಳಿ. ರಿಪೇರಿ ದುಬಾರಿ, ನೀರು ಅಗ್ಗ ಅಂದೋನು ಅವನು. ನಾನು ಅಲ್ಲೇ ಮೆಟ್ಟಿಲು ತಿಕ್ತಿದ್ದೆ. ಕೇಳಿಸ್ಕೊಂಡೆ. ನಾವು ಕೆಳಗಿದ್ದೀವಿ ಅಂತ ಅವನಿಗೂ ಗೊತ್ತಿತ್ತು. ಗೊತ್ತಿದ್ದೇ ನಕ್ಕ."

"ಸುಳ್ಳು! ಜೈಲಿಗೆ ಹೋಗ್ತೀಯ ನೀನು," ಎಂದು ಶಾಲೇಂದ್ರ ಅರಚಿದ. "ನಿನ್ನ ಬಾಯಿಂದಲೇ ಒಪ್ಕೊಂಡೆಯಲ್ಲ, ಜೈಲಿಗೆ ಹೋಗ್ತೀಯ!"

"ಹೋಗ್ತೀನಿ," ಎಂದಳು ಸುಖರಾಜಿ. "ಒಬ್ಬಳೇ ಹೋಗಲ್ಲ."

ಅವಳು ಹೇಳಿದಂತೆ ಆಯಿತು ಎಂದು ಬರೆಯಲು ನನಗೂ ಆಸೆಯಿದೆ. ಆಗಲಿಲ್ಲ. ಪೊಲೀಸರು ಅವಳನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋಗಿ, ಇನ್ನೊಬ್ಬರ ಮನೆಯಲ್ಲಿ ಗಲಾಟೆ ಮಾಡಿದಳೆಂದು ಬರೆದು, ಸಂಜೆಗೆ ಬಿಟ್ಟರು. ಶಾಲೇಂದ್ರನ ಹೇಳಿಕೆ ತೆಗೆದುಕೊಂಡರು. ಹ್ಯಾಲ್‌ಡೇನನ ವಕೀಲರಿಂದ ಕಾಗದ ಬಂತು. ತನಿಖೆಯವನು ಕಂಡದ್ದನ್ನು ಕಂಡಂತೆಯೇ ಬರೆದನಂತೆ. ಬಿರುಕು ಇದೆ ಎಂದು ಬರೆದನಂತೆ. ಅದನ್ನು ಓದಿದವರು ಎರಡು ತೀರ್ಮಾನ ಮಾಡಿದರು. ಕೊಳವನ್ನು ರಿಪೇರಿ ಮಾಡಿಸಲು ಮನೆಯವರಿಗೆ ಕಾಲಾವಕಾಶ. ಗುಡ್ಡ ಅಪಾಯದಲ್ಲಿರುವುದರಿಂದ ಕೇರಿಯನ್ನು ತಕ್ಷಣ ಖಾಲಿ ಮಾಡಲು ನೋಟೀಸು. ಯಂತ್ರ ಬಂತು. ಮಣ್ಣಿನಡಿಯಲ್ಲಿ ಸಿಕ್ಕದೆ ಉಳಿದಿದ್ದ ಮನೆಗಳನ್ನು ಅದು ಮುಗಿಸಿತು. ಜನ ತಗಡು ಹೊತ್ತು ಸಮುದ್ರದಂಚಿನ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಕೆಸರು ಬಯಲಿಗೆ ಹೋದರು. ಅಲ್ಲಿ ಒಂದು ನಲ್ಲಿಯೂ ಇರಲಿಲ್ಲ.

ಸುಖರಾಜಿ ಅಂದಿನಿಂದ ದಿನಾ ಬೆಳಿಗ್ಗೆ ಪೊಲೀಸ್ ಠಾಣೆಗೆ ಹೋಗತೊಡಗಿದಳು. ಲೊಸಾಲಿನಿ ಒಗೆಯುವ ಹೋಟೆಲಿನ ತನಕ ಇಬ್ಬರೂ ಒಂದೇ ಬಸ್ಸಿನಲ್ಲಿ. ಅಲ್ಲಿಂದ ಇವಳೊಬ್ಬಳೇ ನಡೆದು ಹೋಗಿ ಕೌಂಟರಿನ ಎದುರಿನ ಬೆಂಚಿನ ಮೇಲೆ ಕೂರುತ್ತಿದ್ದಳು. ಯಾರು ಬಂದು ಏನು ಕೇಳಿದರೂ ಒಂದೇ ಮಾತು.

"ಮೂರು ಹೆಸರು ಹೇಳಿದ್ದೆ. ಒಂದನ್ನು ಹಿಡಿದಿರಿ. ಇನ್ನೆರಡು ಯಾವಾಗ?"

ಮೊದಮೊದಲು ಗದರಿದರು. ಆಮೇಲೆ ನಕ್ಕರು. ಆಮೇಲೆ ಅವಳು ಕಂಡರೆ ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳತೊಡಗಿದರು. ಹೊಸದಾಗಿ ಬಂದ ಪೊಲೀಸಿನವನೊಬ್ಬ ಒಂದು ದಿನ ಅವಳ ಪಕ್ಕ ಬಂದು ಕೂತ.

"ಕಾಕಿ, ಆ ಸಾಹೇಬರು ಪರದೇಶದಲ್ಲಿದ್ದಾರೆ. ಅವರು ಬರೋದು ಯಾವಾಗಲೋ ಏನೋ. ಸುಮ್ನೆ ಇಲ್ಲಿ ಯಾಕೆ ಕಾಯ್ತೀರಾ? ಮನೆಗೆ ಹೋಗಿ."

ಸುಖರಾಜಿ ಅವನ ಮುಖ ನೋಡಿದಳು.

"ಯಾವ ಮನೆಗೆ?"

ಅವನು ಎದ್ದು ಹೋದ. ಅವಳು ಅಲ್ಲೇ ಕೂತಳು.